ನಮ್ಮನೆಯವರು ಟೈಪ್ ಮಾಡಿದ ಒಂದು ಪುಟ

ನಮ್ಮನೆಯವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ, ನೋಡಲು ಬಂದವರೆಲ್ಲ ನನ್ನನ್ನೇ ಮಾತಾಡಿಸತೊಡಗಿದರು. ಅವರು ಎದುರಿಗೇ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು, ಬಂದವರು ಮಾತ್ರ "ಊಟ ಮಾಡ್ತಾರಾ? ಗುರುತು ಹಿಡೀತಾರಾ?" ಎಂದು ನನ್ನನ್ನು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅವರನ್ನೇ ಕೇಳ್ರಿ, ಕಿವಿ ಚೆನ್ನಾಗೇ ಅವೆ" ಅನ್ನುತ್ತಿದ್ದೆ. ಆಗ ಅವರ ಕಡೆ ತಿರುಗಿ, ಕಿವುಡರಿಗೆ ಹೇಳುವಂತೆ "ಆರಾಮಾಗ್ತೀರಿ ಬಿಡ್ರಿ" ಎಂದು ಕೂಗಿ, ಮತ್ತೆ ನನ್ನ ಕಡೆಗೇ ತಿರುಗುತ್ತಿದ್ದರು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿಯೇ ಹೇಳಿದ್ದರು. ಪೆಟ್ಟು ಬಿದ್ದಿರುವುದು ಮೆದುಳಿನ ಬುಡಕ್ಕೆ. ಬಲಗಡೆಯ ಕೈಕಾಲು ಏಳುವುದಿಲ್ಲ, ನಾಲಿಗೆ ಗಂಟಲು ಹೇಳಿದ ಮಾತು ಕೇಳುವುದಿಲ್ಲ, ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಬುದ್ಧಿಗೆ ಮಾತ್ರ ಏನೂ ಆಗಿಲ್ಲ. "ಒಳಗೆ ಅವರು ಪೂರ್ತಿಯಾಗಿ ಇದ್ದಾರೆ" ಎಂದರು. ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಅದಕ್ಕಿಂತ ಭಯ ಹುಟ್ಟಿಸುವ ಮಾತನ್ನು ನನಗೆ ಈವರೆಗೆ ಯಾರೂ ಹೇಳಿಲ್ಲ.

ನಮ್ಮೂರು ಶ್ರೀರಾಂಪುರ. ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಇವರು ಟೈಪಿಂಗ್ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ದೇವಸ್ಥಾನದ ಕರಪತ್ರ, ನಾನು ಕೆಲಸ ಮಾಡುವ ಮಾಡದಕೆರೆಯ ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವೂ ಇವರ ಕೈಯಿಂದಲೇ ಆಗಬೇಕಿತ್ತು. ಹುಡುಗರಾಗಿದ್ದಾಗ ಚಿತ್ರದುರ್ಗದ ಟೈಪಿಂಗ್ ಶಾಲೆಯೊಂದರಲ್ಲಿ ಕನ್ನಡದ ಟೈಪ್‌ರೈಟರ್ ಮೇಲೆ ಕಲಿತವರು. ಅಕ್ಷರದ ಗುಂಡಿಗಳ ಮೇಲೆ ಬಟ್ಟೆ ಮುಚ್ಚಿ ಕಲಿಸುತ್ತಿದ್ದರಂತೆ. ಆದ್ದರಿಂದ ಇವರು ಗುಂಡಿಯನ್ನೂ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಎಡಗಡೆ ಇಟ್ಟ ಕಾಗದದ ಮೇಲೆ ಕಣ್ಣು ನೆಟ್ಟರೆ ಪುಟ ಮುಗಿದ ಮೇಲೇ ತಲೆ ಎತ್ತುವುದು. ಕಂಪ್ಯೂಟರ್ ಬಂದಾಗಲೂ ಹೊಸ ಕೀಲಿಮಣೆ ಕಲಿಯಲಿಲ್ಲ. ಹಳೆಯ ಟೈಪ್‌ರೈಟರಿನಲ್ಲಿ ಯಾವ ಅಕ್ಷರ ಎಲ್ಲಿತ್ತೋ ಅಲ್ಲೇ ಬರುವಂತೆ ಕನ್ನಡದ ತಂತ್ರಾಂಶವನ್ನು ಹೊಂದಿಸಿಕೊಂಡರು. ನಾನೆಲ್ಲಾದರೂ ಒಂದು ಸಾಲು ಟೈಪ್ ಮಾಡಲು ಕುಳಿತರೆ, "ಮೇಷ್ಟ್ರಮ್ಮ, ನೀನು ಕೋಳಿ ಕಾಳು ಹೆಕ್ಕಿದಂಗೆ ಹೆಕ್ತಾ ಕುಂತ್ರೆ ಮದುವೆ ಆಗಿ ಮಕ್ಕಳಾದ ಮೇಲೆ ಲಗ್ನಪತ್ರಿಕೆ ಬರ್ತೈತೆ, ಏಳು" ಎಂದು ಎಬ್ಬಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಏಳುತ್ತಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ ಅವರಿಂದ ಒಂದು ಮಾತು ಹೊರಡಿಸಲು ನಾನು ಪಡದ ಪಾಡಿಲ್ಲ. ಸ್ಲೇಟು ಕೊಟ್ಟೆ. ಎಡಗೈಯ ಬರಹ ಗೀಚಾಟವಾಯಿತು. ಮೊಬೈಲ್ ಕೊಟ್ಟೆ. ಗಾಜಿನ ಮೇಲೆ ಬೆರಳು ಜಾರಿ ಎಲ್ಲೆಲ್ಲೋ ಹೋಯಿತು, ಕಣ್ಣಿಗೆ ಬೇರೆ ಎಲ್ಲವೂ ಎರಡೆರಡು. ಕೊನೆಗೆ ನಾನೇ ವರ್ಣಮಾಲೆ ಹೇಳುತ್ತೇನೆ, ಬೇಕಾದ ಅಕ್ಷರ ಬಂದಾಗ ಕಣ್ಣು ಮಿಟುಕಿಸಿ ಎಂದೆ. "ಕ, ಖ, ಗ" ಎಂದು ಶುರು ಮಾಡಿದರೆ 'ಚ' ಬರುವಷ್ಟರಲ್ಲಿ ಅವರ ಮುಖ ಕೆಂಪಾಗಿ, ಎಡಗೈಯಿಂದ ನನ್ನ ಮೊಣಕೈಯನ್ನು ತಳ್ಳಿಬಿಟ್ಟರು. ಬೇರೆಯವರು ಮಾತಾಡುವ ವೇಗದಲ್ಲಿ ಟೈಪ್ ಮಾಡುತ್ತಿದ್ದ ಮನುಷ್ಯನನ್ನು ನಾನು ಒಂದನೇ ಕ್ಲಾಸಿನಲ್ಲಿ ಕೂರಿಸಿದ್ದೆ. ಇನ್ನೆರಡು ಸಲ ಪ್ರಯತ್ನಿಸಿದಾಗಲೂ ಹಾಗೇ ಆಯಿತು.

ಅವರಿಗೆ ಏನೋ ಹೇಳುವುದಿದೆ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿರಲಿಲ್ಲ. ನಾನು ಎದ್ದು ಹೋದರೆ ಕಣ್ಣು ನನ್ನ ಹಿಂದೆ ಬರುತ್ತಿತ್ತು. ಒಂದು ದಿನ ಬೆಳಿಗ್ಗೆ ಕಾಫಿ ಕುಡಿಸುತ್ತಿದ್ದಾಗ ನೋಡಿದೆ, ಎಡಗೈಯ ಬೆರಳುಗಳು ಕುರ್ಚಿಯ ಕೈಯ ಮೇಲೆ ಆಡುತ್ತಿದ್ದವು.

"ನಡುಕ ಶುರುವಾಗೈತೆ ನೋಡವ್ವ" ಎಂದರು ನಮ್ಮತ್ತೆ. ಇವರ ತಾಯಿ, ನಮ್ಮ ಜೊತೆಯಲ್ಲೇ ಇರುವವರು.

ನಡುಕವಲ್ಲ ಅದು. ಆ ಬೆರಳುಗಳನ್ನು ನಾನು ಇಪ್ಪತ್ತು ವರ್ಷ ನೋಡಿದ್ದೇನೆ. ಅವರು ಟೈಪ್ ಮಾಡುತ್ತಿದ್ದರು.

ಅಂಗಡಿ ಖಾಲಿ ಮಾಡಿದಾಗ ಕಂಪ್ಯೂಟರನ್ನು ಮನೆಯ ನಡುಮನೆಗೆ ತಂದಿಟ್ಟಿದ್ದೆವು. ಧೂಳು ಒರೆಸಿ ಸ್ವಿಚ್ ಹಾಕಿದರೆ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊಸದುರ್ಗದ ಬಸ್ಸು ಹತ್ತಿದೆ. ರಿಪೇರಿ ಅಂಗಡಿಯವರು ಇವರನ್ನು ಬಲ್ಲವರು, ಇವರದೇ ವಯಸ್ಸು. ಬಿಚ್ಚಿ ನೋಡಿ ಲೊಚಗುಟ್ಟಿದರು.

"ಹಾರ್ಡ್ ಡಿಸ್ಕ್ ಹೋಗೈತೆ ಮೇಡಂ. ಇದಕ್ಕೆ ಹೊಂದೋ ಸಾಮಾನು ಈಗ ಎಲ್ಲೂ ಬರಲ್ಲ. ಬಿಟ್ಟಾಕ್ರಿ ಇದನ್ನ, ಹೊಸದು ತಗಳ್ರಿ."

ಹೊಸದರ ಮಾತನ್ನು ನಮ್ಮ ಮನೆಯಲ್ಲಿ ಆಗ ಯಾರೂ ಎತ್ತುವ ಸ್ಥಿತಿಯಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇವರ ಬೆರಳಿಗೆ ಬೇಕಾಗಿದ್ದದ್ದು ಆ ಹಳೆಯ ಕೀಬೋರ್ಡೇ, ಒತ್ತಿದರೆ ಟಕ್ ಎಂದು ಒಳಗಿಳಿಯುವ ದಪ್ಪ ಗುಂಡಿಗಳದ್ದು. ಅದನ್ನು ಹೇಳಿದೆ. ಅಂಗಡಿಯವರು ಡ್ರಾಯರಿನಿಂದ ಒಂದು ಪೆನ್‌ಡ್ರೈವ್ ತೆಗೆದರು.

"ಇದ್ರಾಗೆ ಒಂದು ಲಿನಕ್ಸ್ ಐತೆ, ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್. ಲಿನಕ್ಸ್‌ನಾಗೂ ಇದು ಯಾರಿಗೂ ಗೊತ್ತಿಲ್ಲದ್ದು, ಬಾಳ ಸಣ್ಣದು. ಡಿಸ್ಕೇ ಬೇಡ ಇದಕ್ಕೆ. ಪೆನ್‌ಡ್ರೈವ್‌ನಿಂದ ಎದ್ದು ಮೆಮರಿಯಾಗೇ ಕುಂತ್ಕಂಡು ಕೆಲಸ ಮಾಡ್ತೈತೆ. ಗಿರಾಕಿಗಳ ಫೈಲ್ ಎತ್ತಾಕೆ ಮಾತ್ರ ನಾನು ಬಳಸ್ತೀನಿ, ಉಳಿದಿದ್ದು ನಂಗೂ ಗೊತ್ತಿಲ್ಲ ಮೇಡಂ. ನೀವೇ ಮಾಡ್ಕಬೇಕು."

ಮಾಡಿಕೊಂಡೆ. ಬೇಸಿಗೆ ರಜೆ ಬಂದಿತ್ತು. ಪೆನ್‌ಡ್ರೈವ್ ಚುಚ್ಚಿ ಸ್ವಿಚ್ ಹಾಕಿದರೆ, ಇವರ ಕಾಲದಲ್ಲಿ ಎದ್ದೇಳಲು ಹಾಲು ಕಾಯುವಷ್ಟು ಹೊತ್ತು ಹಿಡಿಯುತ್ತಿದ್ದ ಅದೇ ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅತ್ತೆಯನ್ನು ಕೂಗಿ ಕರೆದೆ. ಅವರು ಬಂದು ನೋಡಿ "ಏನೂ ಇಲ್ವಲ್ಲೇ ಇದ್ರಾಗೆ" ಎಂದರು. ನಿಜ, ಏನೂ ಇರಲಿಲ್ಲ. ಖಾಲಿ ಪರದೆ, ಕೆಳಗೆ ನಾಲ್ಕು ಚಿತ್ರ. ಬೇಡದ್ದನ್ನು ಒಂದನ್ನೂ ಇಟ್ಟಿಲ್ಲವೆಂದು ಅದನ್ನು ಮಾಡಿದವರು ನೆಟ್‌ನ ತಮ್ಮ ಪುಟದಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದರು. ಬೇಕಾದದ್ದೂ ಇರಲಿಲ್ಲ. ಮನೆ ಬಾಡಿಗೆಗೆ ಕೊಟ್ಟು, ಬಾಗಿಲು ಕಿಟಕಿ ನೀವೇ ತಂದು ಕೂರಿಸಿಕೊಳ್ಳಿ ಎಂದು ಹೇಳಿದ ಹಾಗಿತ್ತು. ಶಬ್ದ ಬೇಕೆಂದರೆ ಅದನ್ನು ಇಳಿಸಿಕೊಳ್ಳಬೇಕು, ಅಕ್ಷರ ದೊಡ್ಡದು ಮಾಡಬೇಕೆಂದರೆ ಪರದೆಯ ಮೇಲೆ ತೆರೆಯುವ ಕಪ್ಪು ಕಿಟಕಿಯಲ್ಲಿ ಇಂಗ್ಲಿಷಿನ ಆಜ್ಞೆ ಬರೆಯಬೇಕು. ಕನ್ನಡವಂತೂ ಸಾಲು ಸಾಲು ಖಾಲಿ ಚೌಕವಾಗಿ ಬಂತು. ಹಪ್ಪಳ ಒಣಗಲು ಹಾಕಿದ ಹಾಗೆ.

ಆ ರಜೆಯಲ್ಲಿ ಆ ಪೆಟ್ಟಿಗೆಯನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಮೊಬೈಲಿನಿಂದ ನೆಟ್ ಕೊಟ್ಟು, ಎಲ್ಲೋ ದೇಶಾಂತರದಲ್ಲಿ ಕುಳಿತವರ ಇಂಗ್ಲಿಷ್ ಚರ್ಚೆಗಳನ್ನು ಓದಿ, ಕನ್ನಡದ ಅಕ್ಷರ ಇಳಿಸಿದೆ. ಚೌಕ ಹೋಗಿ ಕನ್ನಡ ಬಂತು, ಆದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ನಿಂತಿತ್ತು, ಕೊಂಬು ಬೇರೆ, ದೀರ್ಘ ಬೇರೆ. ಬೆಳಿಗ್ಗೆ ಎದ್ದು ಸ್ವಿಚ್ ಹಾಕಿದರೆ ಅದೂ ಇಲ್ಲ. ಮತ್ತೆ ಹಪ್ಪಳ. ಎಲ್ಲವನ್ನೂ ಮರೆತು ಹುಟ್ಟಿದಂತೆ ಎದ್ದಿತ್ತು. ಇಳಿಸಿದ್ದನ್ನು ಪೆನ್‌ಡ್ರೈವಿನ ಒಂದು ಜಾಗದಲ್ಲಿ ಇಡಬೇಕೆಂದು ತಿಳಿಯಲು ಇನ್ನಷ್ಟು ದಿನ ಹಿಡಿಯಿತು. ಹಾಗೆ ಇಟ್ಟ ಮೇಲೆ ಅಕ್ಷರ ಉಳಿಯಿತು. ಅಕ್ಷರ ಉಳಿದ ಮೇಲೆ ಎಲ್ಲವೂ ಉಳಿಯುತ್ತದೆ ಎಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಇನ್ನು ಬಾಕಿಯಿದ್ದದ್ದು ಕೀಲಿಮಣೆ. ಆ ಲಿನಕ್ಸಿನಲ್ಲಿದ್ದ ಕನ್ನಡದ ಅಕ್ಷರಜೋಡಣೆ ಇವರ ಹಳೆಯ ಟೈಪ್‌ರೈಟರಿನದ್ದಲ್ಲ. ಅದನ್ನು ಹಾಕಿ ಇವರನ್ನು ಕೂರಿಸಿದ್ದರೆ ಇವರ ಬೆರಳು 'ಮ' ಎಂದು ಒತ್ತಿದ್ದು ಇನ್ನೇನೋ ಆಗಿ ಬರುತ್ತಿತ್ತು. ಆದರೆ ನನಗೊಂದು ದಾರಿ ಹೊಳೆಯಿತು. ಇಂಗ್ಲಿಷಿನಲ್ಲೇ ಇರಲಿ. ಅವರು ತಮ್ಮ ಪಾಡಿಗೆ ಒತ್ತಲಿ. ಪರದೆಯ ಮೇಲೆ ಇಂಗ್ಲಿಷಿನ ಕಸ ಬಿದ್ದರೂ ಯಾವ ಗುಂಡಿ ಒತ್ತಿದ್ದಾರೆಂದು ಗೊತ್ತಾಗುತ್ತದಲ್ಲ. ಅಂಗಡಿಯ ಗೋಡೆಯಲ್ಲಿದ್ದ ಟೈಪ್‌ರೈಟರ್ ಕೀಲಿಮಣೆಯ ಚಿತ್ರಪಟ ಮನೆಯಲ್ಲೇ ಇತ್ತು. ಅದನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಗುಂಡಿಯನ್ನು ಕನ್ನಡಕ್ಕೆ ತಿರುಗಿಸಿದರಾಯಿತು. ವಿಜ್ಞಾನದ ಮೇಡಂ ಎಂದು ಸಂಬಳ ತೆಗೆದುಕೊಳ್ಳುತ್ತೇನೆ, ಅಷ್ಟು ಬಾರದೆ ಇರುತ್ತದೆಯೇ?

ಒಂದು ಮಧ್ಯಾಹ್ನ ಊಟವಾದ ಮೇಲೆ ಅವರ ಕುರ್ಚಿಯನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದೆ. ಎಡಗೈಯನ್ನು ಎತ್ತಿ ಕೀಬೋರ್ಡಿನ ಮೇಲಿಟ್ಟೆ. "ಹೇಳ್ರಿ" ಎಂದೆ.

ಬೆರಳುಗಳು ಮೊದಲು ಗುಂಡಿಗಳನ್ನು ಸವರಿದವು. ಆಮೇಲೆ ಶುರುವಾಯಿತು. ಒಂದೇ ಕೈ ಏಡಿಯಂತೆ ಆ ತುದಿಯಿಂದ ಈ ತುದಿಗೆ ಓಡಾಡಿತು. ಮೊದಮೊದಲು ತಡವರಿಸಿ, ನಂತರ ಒಂದು ಲಯ ಬಂತು. ಅವರ ತಲೆ ತಾನಾಗಿ ಎಡಕ್ಕೆ ತಿರುಗಿತು. ಅಲ್ಲಿ ಕಾಗದವೇನೂ ಇರಲಿಲ್ಲ, ಬರೀ ಗೋಡೆ. ಗೋಡೆಯನ್ನೇ ಓದುತ್ತಿರುವವರಂತೆ ಕುಳಿತು ಅವರು ಟೈಪ್ ಮಾಡಿದರು. ನಾನು ಬೆನ್ನ ಹಿಂದೆ ನಿಂತಿದ್ದೆ. ಪರದೆಯ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಕಂಸ. ನಡುನಡುವೆ ಸರಿಯಾಗಿ ಜಾಗ ಬಿಟ್ಟಿದ್ದರು. ಪ್ಯಾರಾ ಕೂಡ ಮಾಡಿದ್ದರು. ಅದನ್ನು ಕಂಡು ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಹುಚ್ಚರು ಪ್ಯಾರಾ ಮಾಡುವುದಿಲ್ಲ.

ಅಷ್ಟರಲ್ಲಿ ಇವರ ಅಣ್ಣ ಬಂದರು. ಪರದೆ ನೋಡಿ ನನ್ನನ್ನು ಅಡುಗೆಮನೆಗೆ ಕರೆದು, "ಯಾಕವ್ವ ಸುಮ್ನೆ ಹಿಂಸೆ ಕೊಡ್ತೀಯ? ತಲೆ ಪೂರ್ತಿ ಹೋಗೈತೆ ಅಂತ ಕಾಣ್ತೈತಲ್ಲ" ಎಂದರು. ನಾನು ಚಿತ್ರಪಟ ತೋರಿಸಿ ಬಿಡಿಸಿ ಹೇಳಿದೆ. ಅವರು ಚಿತ್ರಪಟವನ್ನೂ ನನ್ನನ್ನೂ ಒಂದೇ ಥರ ನೋಡಿ ಹೊರಟುಹೋದರು. ಹೋಗಲಿ, ಸಂಜೆಗೆ ಬರೆದು ಮುಖಕ್ಕೆ ಹಿಡಿಯುತ್ತೇನೆ ಅಂದುಕೊಂಡೆ.

ಒಳಗೆ ಬಂದರೆ ಗುಂಡಿಯ ಸದ್ದು ನಿಂತಿತ್ತು. ಅವರು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆಗೇ ತಿರುಗಿದ್ದರು. ಹಣೆಯೆಲ್ಲ ಬೆವರು. ಹೇಳಬೇಕಾದದ್ದನ್ನು ಹೇಳಿ ಮುಗಿಸಿ, ಉತ್ತರಕ್ಕೆ ಕಾಯುವ ಮುಖ ಅದು. ಪರದೆಯ ಮೇಲೆ ಬಿದ್ದಿರುವುದು ಕಸ ಎಂದು ಅವರಿಗೆ ಗೊತ್ತಿರಲಿಲ್ಲ. ನೋಡಿದರೂ ಅವರ ಕಣ್ಣಿಗೆ ಎರಡೆರಡು ಮಸುಕು ಸಾಲು. ಎಂದೂ ನೋಡಿದವರೂ ಅಲ್ಲ, ಬೆರಳು ತಪ್ಪುವುದಿಲ್ಲವೆಂದು ನಂಬಿದವರು. ಅವರ ಮಟ್ಟಿಗೆ ನಾನು ಬೆನ್ನ ಹಿಂದೆ ನಿಂತು ಪ್ರತಿ ಅಕ್ಷರವನ್ನೂ ಓದಿದ್ದೇನೆ.

ನಾನು ಏನು ಹೇಳಬೇಕಿತ್ತು? ಇಷ್ಟು ಬೆವರು ಸುರಿಸಿದಿರಿ, ಒಂದಕ್ಷರವೂ ಅರ್ಥವಾಗಲಿಲ್ಲ ಎಂದೇ? ಸಂಜೆಯೊಳಗೆ ಹೇಗೂ ಓದುವವಳು. ಅವರು ಕೇಳಿದ್ದು ಏನೇ ಇರಲಿ, ಹೇಗೂ ಮಾಡುವವಳು.

"ಹೂಂ ರೀ, ಆಯ್ತು. ಮಾಡ್ತೀನಿ" ಎಂದೆ.

ಅವರ ಕಣ್ಣಿನಿಂದ ನೀರು ಇಳಿಯಿತು. ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದು ಒತ್ತಿದರು. ಕಾಯಿಲೆ ಬಿದ್ದ ಮೇಲೆ ಅವರು ತಾವಾಗಿ ನನ್ನ ಕೈ ಹಿಡಿದದ್ದು ಅದೇ ಮೊದಲು. ಕುರ್ಚಿಯಲ್ಲೇ ಹಾಗೇ ನಿದ್ದೆ ಹೋದರು. ಎಷ್ಟೋ ದಿನಗಳ ನಿದ್ದೆ.

ಪುಟಕ್ಕೊಂದು ಹೆಸರು ಕೊಟ್ಟು ಸೇವ್ ಮಾಡಿದೆ. ಸೇವ್ ಆಯಿತೆಂದು ಅದೂ ಹೇಳಿತು. ಚಿತ್ರಪಟ ಬಿಡಿಸಿಕೊಂಡು ಕೂರಬೇಕು ಎನ್ನುವಾಗ ಗಾಳಿ ಎದ್ದು, ಬಾಗಿಲು ಬಡಿದುಕೊಂಡು, ಚಿತ್ರದುರ್ಗದ ಕಡೆಯಿಂದ ಗುಡುಗಿತು. ನಮ್ಮ ಬೀದಿಯಲ್ಲಿ ಗುಡುಗು ಕೇಳಿದರೆ ಪ್ರತಿ ಮನೆಯಲ್ಲೂ ಒಬ್ಬರು ಎದ್ದು ಓಡುತ್ತಾರೆ. ಟಿವಿ, ಫ್ರಿಜ್ಜು, ಮೋಟರು, ಎಲ್ಲದರ ಪ್ಲಗ್ಗು ಕಿತ್ತು ನೆಲಕ್ಕೆ ಹಾಕುವವರೆಗೆ ಜೀವ ನಿಲ್ಲುವುದಿಲ್ಲ. ಸಿಡಿಲಿಗೆ ಸುಟ್ಟ ಟಿವಿ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ನಾನೂ ಓಡಿದೆ. ಎಲ್ಲಕ್ಕಿಂತ ಮೊದಲು ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತೆ, ಏಕೆಂದರೆ ಅವರ ಪುಟ ಅದರಲ್ಲಿತ್ತು.

ಮಳೆ ನಿಂತು ಮತ್ತೆ ಸ್ವಿಚ್ ಹಾಕಿದಾಗ ಅದು ಅದೇ ಚುರುಕಿನಲ್ಲಿ, ಏನೂ ಆಗಿಲ್ಲವೆಂಬಂತೆ ಎದ್ದಿತು. ನಾನು ಇಳಿಸಿದ ಕನ್ನಡದ ಅಕ್ಷರಗಳಿದ್ದವು. ಪುಟ ಇರಲಿಲ್ಲ. ಎಲ್ಲ ಕಡೆ ಹುಡುಕಿ ಹೊಸದುರ್ಗಕ್ಕೆ ಫೋನ್ ಮಾಡಿದೆ.

"ಸರಿಯಾಗಿ ಆಫ್ ಮಾಡಿದ್ರಾ ಮೇಡಂ? ಆಫ್ ಮಾಡೋವಾಗ ಬ್ಯಾಕಪ್ ಅಂತ ಕೇಳ್ತೈತೆ, ಅದಕ್ಕೆ ಹೂಂ ಅನ್ಬೇಕು. ಆಗ್ಲೇ ಅದು ಪೆನ್‌ಡ್ರೈವ್‌ಗೆ ಬರ್ಕಣಾದು. ಅಲ್ಲೀವರ್ಗೂ ಎಲ್ಲ ಮೆಮರಿಯಾಗೇ ಇರ್ತೈತೆ. ಪ್ಲಗ್ ಕಿತ್ರೆ ಹೋತು."

"ಸೇವ್ ಮಾಡಿದ್ದೆ ಕಣ್ರಿ."

"ಸೇವ್ ಮಾಡಿದ್ದೂ ಅಲ್ಲೇ ಇರ್ತೈತೆ ಮೇಡಂ" ಎಂದು ಅವರು ಮೆಲ್ಲಗೆ ಹೇಳಿದರು. ಫೋನಿಟ್ಟು ಹಿತ್ತಲಿಗೆ ಹೋಗಿ ಒದ್ದೆ ಕಲ್ಲಿನ ಮೇಲೆ ಕುಳಿತೆ. ಅತ್ತೆ ಹಿಂದೆಯೇ ಬಂದರು. ವಿಷಯ ತಿಳಿದು ಪಕ್ಕದಲ್ಲೇ ಕುಳಿತರು. ಆಮೇಲೆ ಕೇಳಿದರು: "ಅದ್ರಾಗೆ ಅವ್ವ ಅಂತ ಎಲ್ಲಾರ ಬರ್ದಿದ್ನೇನೇ?"

"ಬರೆದಿದ್ರು ಅತ್ತೆ" ಎಂದೆ. ಅದು ಸುಳ್ಳೋ ನಿಜವೋ ನನಗೇ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಅವರು ಕಾಯತೊಡಗಿದರು. ನಾನು ಹೊರಗಿಂದ ಬಂದರೆ ಸಾಕು, ಮುಖ ಎತ್ತಿ ನೋಡುತ್ತಿದ್ದರು. ಆಯಿತಾ, ಮಾಡಿದೆಯಾ ಎಂಬ ನೋಟ. ನಾನು ನನಗೆ ತೋಚಿದ್ದನ್ನೆಲ್ಲ ಮಾಡಿದೆ. ಬೀರು ತೆಗೆದು ಒಳಗಿದ್ದದ್ದನ್ನೆಲ್ಲ ಒಂದೊಂದಾಗಿ ತೋರಿಸಿದೆ. ಜಗಳವಾಡಿ ಮಾತು ಬಿಟ್ಟಿದ್ದ ಗೆಳೆಯರೊಬ್ಬರನ್ನು ಹಿರಿಯೂರಿನಿಂದ ಕರೆಸಿ ಎದುರಿಗೆ ಕೂರಿಸಿದೆ. ಇನ್ನೊಂದು ಆಸ್ಪತ್ರೆ ಬೇಡವೆಂದಿರಾ, ಅಂಗಡಿಯನ್ನು ಮತ್ತೆ ತೆಗೆಯಬೇಕೆಂದಿರಾ ಎಂದು ಕೇಳಿದೆ. ಪ್ರತಿಯೊಂದಕ್ಕೂ ಮೊದಮೊದಲು ತಲೆಯಾಡಿಸಿ ಅಲ್ಲವೆಂದರು. ಹಾಗೆ ಕೇಳಿದಷ್ಟೂ ಅವರ ಮುಖ ಮುಚ್ಚಿಕೊಳ್ಳುತ್ತ ಹೋಯಿತು. ಹೇಳಿದ್ದೇನೆ, ಒಪ್ಪಿದ್ದೀಯ, ಈಗ ಗೊತ್ತೇ ಇಲ್ಲದವಳಂತೆ ಕೇಳುತ್ತೀಯಲ್ಲ ಎಂದು ಅವರಿಗೆ ಅನಿಸಿರಬೇಕು. ನನಗೇ ಯಾರಾದರೂ ಹಾಗೆ ಮಾಡಿದ್ದರೆ ಅನಿಸುತ್ತಿತ್ತು. ಕೊನೆಕೊನೆಗೆ ತಲೆಯಾಡಿಸುವುದನ್ನೂ ಬಿಟ್ಟರು.

ಅತ್ತೆ ನನ್ನನ್ನು ಹಾಲುರಾಮೇಶ್ವರದ ದೇವಸ್ಥಾನಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಕೊಳದ ಮುಂದೆ ಕುಳಿತು ಬೇಡಿಕೊಂಡರೆ ನೀರಿನೊಳಗಿಂದ ಉತ್ತರ ಪ್ರಸಾದವಾಗಿ ತೇಲಿ ಬರುತ್ತದೆ ಎಂಬುದು ನಮ್ಮ ಕಡೆಯವರ ನಂಬಿಕೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಒಂದು ಎಲೆ, ಒಂದು ಅಡಿಕೆ ಬಂತು. ಅತ್ತೆ ಅದನ್ನು ಸೆರಗಿಗೆ ಕಟ್ಟಿಕೊಂಡು "ಒಳ್ಳೇದೇ ಅಂದೈತೆ" ಎಂದರು. ನಾನು ಬಸ್ಸಿನಲ್ಲಿ ಬರುವಾಗ, ನನಗೆ ಓದಲಾಗದ್ದು ಇನ್ನೊಂದು ಸೇರಿತಲ್ಲ ಎಂದುಕೊಂಡೆ.

ಶಾಲೆ ಶುರುವಾದ ಮೇಲೂ ನಾನು ಆ ಪುಟ್ಟ ಲಿನಕ್ಸನ್ನು ಬಿಡಲಿಲ್ಲ. ಹಟ ಹಿಡಿದು ಕುಳಿತೆ. ಟೈಪ್‌ರೈಟರಿನ ಜೋಡಣೆ ಯಾರಿಗೆ ಬೇಕು ಈಗ ಎಂದು ನೆಟ್‌ನ ಆ ಚರ್ಚೆಯಲ್ಲಿ ಒಬ್ಬರು ಕೇಳಿದರು. ನನ್ನ ಗಂಡನಿಗೆ ಎಂದು ಬರೆದೆ. ಕೇಳಿದವರೇ ದಾರಿ ತೋರಿಸಿದರು. ಒಂದೊಂದು ಗುಂಡಿಗೆ ಒಂದೊಂದು ಸಾಲಿನಂತೆ ಜೋಡಣೆಯನ್ನು ನಾನೇ ಬರೆದೆ. ಒತ್ತಕ್ಷರ ಸರಿಯಾಗಿ ಕೆಳಗಿಳಿಯುವ ಬೇರೊಂದು ಎಡಿಟರ್ ಇಳಿಸಿದೆ. ಬರೆದದ್ದು ಬರೆಯುತ್ತಿದ್ದಂತೆಯೇ ಪೆನ್‌ಡ್ರೈವಿಗೆ ಹೋಗುವಂತೆ ಮಾಡಿದೆ. ಪ್ಲಗ್ಗು ಕಿತ್ತು ಮತ್ತೆ ಹಾಕಿ, ಮತ್ತೆ ಕಿತ್ತು ನೋಡಿದೆ. ಎಲ್ಲವೂ ಉಳಿದಿತ್ತು. ಅದರ ಮೇಲೆ ನನಗೆ ಈಗ ಯಾವ ದೂರೂ ಇಲ್ಲ, ಇಷ್ಟು ಹಗುರವಾದ, ಇಷ್ಟು ಹೇಳಿದ ಮಾತು ಕೇಳುವ ವ್ಯವಸ್ಥೆಯನ್ನು ನಾನು ಬೇರೆ ಕಂಡಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರ ಕುರ್ಚಿಯನ್ನು ಮತ್ತೆ ಅದರ ಮುಂದೆ ಎಳೆದೆ. ಎದುರಿಗೆ ಮಂಡಿಯೂರಿ ಕುಳಿತು ಎಲ್ಲವನ್ನೂ ಹೇಳಿದೆ. "ಅವತ್ತು ನೀವು ಬರೆದಿದ್ದು ಕನ್ನಡದಾಗೆ ಬಂದಿರಲಿಲ್ಲ ಕಣ್ರಿ. ನಾನು ಓದಲೇ ಇಲ್ಲ. ಆಮೇಲೆ ಓದಾಣ ಅಂತ ಸೇವ್ ಮಾಡಿದ್ದೆ, ಗುಡುಗಿಗೆ ಹೆದರಿ ಪ್ಲಗ್ ಕಿತ್ತೆ, ಅದೂ ಹೋತು. ನಿಮಗೆ ನೋವಾಗ್ತೈತೆ ಅಂತ ಹೂಂ ಅಂದೆ ಅಷ್ಟೆ. ನೀವು ಏನು ಹೇಳಿದ್ರೋ ನಂಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಂದ್ಸಲ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ನನ್ನ ಮುಖವನ್ನೇ ನೋಡಿದರು. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ, ಆ ನೋಟ ನನಗೆ ಗೊತ್ತು. ಮಾಡದೆ ಬಿಟ್ಟ ಕೆಲಸಕ್ಕೆ ನಾನು ಏನಾದರೂ ನೆಪ ಹೇಳಿದಾಗ ಅವರು ಹಾಗೆ ನೋಡುತ್ತಿದ್ದರು. ಕಂಪ್ಯೂಟರಿನಲ್ಲಿ ಸೇವ್ ಮಾಡಿದ್ದು ಹೋಯಿತೆಂದು ಹೇಳುತ್ತಿದ್ದೇನೆ, ಅದೂ ಬದುಕೆಲ್ಲ ಅದರ ಮುಂದೆ ಕಳೆದ ಮನುಷ್ಯನಿಗೆ. ನಾನು ಅವರ ಕೈ ಎತ್ತಿ ಗುಂಡಿಗಳ ಮೇಲಿಟ್ಟೆ. ಅವರು ಅದನ್ನು ತೆಗೆದುಕೊಂಡರು. ಮತ್ತೆ ಇಟ್ಟೆ. ಈ ಸಲ ತೆಗೆಯಲಿಲ್ಲ. ಇಟ್ಟಲ್ಲೇ ಇತ್ತು, ಬೆರಳು ಆಡಲಿಲ್ಲ, ಅದರ ಭಾರಕ್ಕೆ ಯಾವುದೋ ಒಂದು ಗುಂಡಿ ಒತ್ತಿಕೊಂಡು ಪರದೆಯ ಮೇಲೆ ಒಂದೇ ಅಕ್ಷರ ಸಾಲುಗಟ್ಟಿ ಓಡತೊಡಗಿತು. ಅಚ್ಚುಕಟ್ಟಾದ ಕನ್ನಡ. ನಾನು ಅದನ್ನು ನೋಡುತ್ತ ಕುಳಿತೆ, ಅವರು ಎಡಕ್ಕೆ ತಿರುಗಿ ಗೋಡೆಯನ್ನು ನೋಡುತ್ತ ಕುಳಿತರು.